ಹೊಸ್ತಿಲಲ್ಲಿ ಗವಿಯಪ್ಪನ ಚಪ್ಪಲಿ

ನಮ್ಮೂರಿನಲ್ಲಿ ಇನ್ನೊಬ್ಬರ ಮನೆಗೆ ಹೊರಡುವ ಮುಂಚೆ ಜನ ಒಂದು ಗಳಿಗೆ ನಿಂತು ತಮ್ಮ ಮನಸ್ಸನ್ನು ತಾವೇ ಕೇಳಿಕೊಳ್ಳುತ್ತಾರೆ. ಒಂದಿಷ್ಟು ಅನುಮಾನ ಬಂದರೂ ಸಾಕು, ಒಳ್ಳೆಯ ಜೋಡು ಗೂಡಿನಲ್ಲಿಟ್ಟು ಸವೆದ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಹೋದರೆ ಹಳೆಯದು ಹೋಗಲಿ ಎಂದು. ಯಾರ ಮೇಲೆ ಮನಸ್ಸಾಗಿದೆಯೋ ಅವರ ಹೊಸ್ತಿಲ ಬಳಿ ಬಿಟ್ಟ ಚಪ್ಪಲಿ ಅಲ್ಲೇ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಹಾರೆ ಹಾಕಿ ಮೀಟಿದರೂ ಏಳುವುದಿಲ್ಲ. ಉತ್ತರ ಸಿಗುವ ತನಕ ಚಪ್ಪಲಿಯವರು ಬರಿಗಾಲು. ಸರಿ ಎಂದರೂ ಬಿಡುತ್ತದೆ, ಬೇಡ ಎಂದರೂ ಬಿಡುತ್ತದೆ, ಮಾತು ಮಾತ್ರ ಒಳಗಿನಿಂದ ಬಂದಿರಬೇಕು.

ಹೀಗಾಗಿ ನಮ್ಮಲ್ಲಿ ಗುಟ್ಟು ಎನ್ನುವುದು ಕಡಿಮೆ. ಅಂಚೆಯವನು ಬೀದಿಯಲ್ಲೇ ನಿಂತು ಕೂಗುತ್ತಾನೆ, ಹೊಸ್ತಿಲ ಹತ್ತಿರ ಸುಳಿಯುವುದಿಲ್ಲ. ಪಾಪ, ಹೆಂಡತಿ ಮಕ್ಕಳಿರುವವನು. ಡಾಕ್ಟರು ನೋಡಲು ಲಕ್ಷಣವಾಗಿರುವುದರಿಂದ ಆಸ್ಪತ್ರೆಯ ಮುಂದೆ 'ಚಪ್ಪಲಿ ಬೀದಿಯಲ್ಲೇ ಬಿಡಿ' ಎಂದು ಬೋರ್ಡು ಹಾಕಿಸಿದ್ದಾರೆ. ಯಾರ ಮೇಲೆ ಮನಸ್ಸಾಗಿದೆಯೋ ಅವರು ಊರು ಬಿಟ್ಟು ಹೋದರೆ ಚಪ್ಪಲಿ ತಾನಾಗಿ ಸಡಿಲವಾಗುತ್ತದೆ, ಹಾಗಾಗಿ ಉತ್ತರ ಕೊಡಲಾರದೆ ನೆಂಟರ ಮನೆಗೆ ಓಡುವ ಪುಕ್ಕಲರೂ ನಮ್ಮಲ್ಲಿದ್ದಾರೆ. ಇನ್ನು ಗಂಡಸಿನ ಚಪ್ಪಲಿ ಹೆಂಗಸಿಗೇ ಕಚ್ಚಬೇಕು ಎಂದು ಚಪ್ಪಲಿಗೆ ಯಾರೂ ಹೇಳಿಕೊಟ್ಟಿಲ್ಲ, ಅದೂ ಕೇಳಿಕೊಂಡಿಲ್ಲ. ಹಿಂದಿನವರು ಅಂಥ ಜೋಡುಗಳ ಮೇಲೆ ಗೋಣಿಚೀಲ ಮುಚ್ಚುತ್ತಿದ್ದರಂತೆ. ಗೋಣಿಚೀಲ ಕಂಡರೆ ಬೀದಿಯ ಆ ತುದಿಯವರೂ ಬಂದು ಎತ್ತಿ ನೋಡುತ್ತಾರೆ ಎಂದು ಗೊತ್ತಾದ ಮೇಲೆ ಮುಚ್ಚುವುದನ್ನು ಬಿಟ್ಟರು.

ಬೇಡ ಎನ್ನುವುದಕ್ಕೆ ಒಂದು ಕ್ರಮವಿದೆ. ಬಂದವರನ್ನು ಜಗಲಿಯ ಮೇಲೆ ಕೂರಿಸಿ ಬೆಲ್ಲ, ನೀರು ಕೊಡಬೇಕು. ಹೇಳಬೇಕಾದ್ದನ್ನು ಎದುರಿಗೇ ಹೇಳಬೇಕು, ಬೇರೆಯವರ ಬಾಯಲ್ಲಿ ಹೇಳಿ ಕಳಿಸುವಂತಿಲ್ಲ. ಚಪ್ಪಲಿ ಬಿಟ್ಟವರು ನಡುವೆ ಬಾಯಿ ಹಾಕಬಾರದು. ಮಾತು ಮುಗಿದ ಮೇಲೆ ಮನೆಯವರು ಬಗ್ಗಿ, ತಮ್ಮ ಕೈಯಾರೆ ಆ ಚಪ್ಪಲಿಯನ್ನು ಬೀದಿಯ ಕಡೆ ತಿರುಗಿಸಿ ಇಡಬೇಕು. ಹೇಳಿದ್ದು ನಿಜವಾಗಿದ್ದರೆ ಸಲೀಸಾಗಿ ತಿರುಗುತ್ತದೆ. ಮೂರು ಸಲ ಹೇಳಿಯೂ ತಿರುಗದ ಚಪ್ಪಲಿ ಎಂದರೆ ಒಪ್ಪಿಗೆ ಇದ್ದ ಹಾಗೆ ಎಂದು ಹಿರಿಯರ ಲೆಕ್ಕ. 'ಒಪ್ಕಳಾಕೆ ಏನು, ಕತ್ತೆನೂ ಒಪ್ಕತ್ತದೆ. ಬ್ಯಾಡ ಅನ್ನಾಕೆ ಮನುಸ್ರೇ ಆಗ್ಬೇಕು' ಎನ್ನುತ್ತಾಳೆ ನಮ್ಮ ಜೊತೆಗೇ ಇರುವ ಸೋದರತ್ತೆ ಈರಮ್ಮ.

ಬೇಡ ಎನ್ನುವುದರಲ್ಲಿ ನನಗೆ ಊರಲ್ಲೇ ಹೆಸರಿತ್ತು. ನಾನು ಮಾಣಿಕ್ಯ, ಸಾರಿನಪುಡಿ, ಚಟ್ನಿಪುಡಿ ಮಾಡಿ ಮನೆಯಲ್ಲೇ ಮಾರುವವಳು. ಪುಡಿ ಕೊಳ್ಳಲು ಬಂದವರು ಚಪ್ಪಲಿ ಬಿಟ್ಟು ಒಳಗೆ ಬರಲೇಬೇಕು. ಹುರಿದ ಕೊತ್ತಂಬರಿಯ ವಾಸನೆಗೋ ನನ್ನ ಮಾತಿಗೋ ವರ್ಷಕ್ಕೊಂದು ಜೋಡಾದರೂ ಕಚ್ಚಿಕೊಳ್ಳುತ್ತಿತ್ತು. ಗಾಣದ ರಾಚಯ್ಯನಿಗೆ ನಾನು, 'ನಿಮ್ಮಂಥೋರ ಕೈ ಹಿಡಿಯಾಕೆ ಹಣೇಲಿ ಬರೆದಿರ್ಬೇಕು. ನನ್ನ ಹಣೆ ಬರೆಯೋವಾಗ ಬ್ರಹ್ಮನಿಗೆ ಶಾಯಿ ಮುಗ್ದಿತ್ತು' ಎಂದೆ. ಅವನು ಕಣ್ಣೊರೆಸಿಕೊಳ್ಳುತ್ತಲೇ ನಕ್ಕು ಎದ್ದುಹೋದ. ಇಂದುಮತಿ ಟೀಚರ ಬಕಲ್ ಚಪ್ಪಲಿ ನನ್ನ ಹೊಸ್ತಿಲಲ್ಲಿ ಕಚ್ಚಿದಾಗ, 'ಟೀಚರಮ್ಮ, ನಿಮ್ಮ ಮನಸ್ಸು ಇಲ್ಲಿ ತನಕ ಬಂದಿದ್ದು ನನ್ನ ಭಾಗ್ಯ. ಆದ್ರೆ ನನ್ನ ಮನೇಲಿ ದೀಪ ಐತೆ, ಬತ್ತಿ ಇಲ್ಲ. ಎಣ್ಣೆ ಸುರಿದು ನೀವ್ಯಾಕೆ ಬರಿದಾಗ್ತೀರಿ?' ಎಂದಿದ್ದೆ. ಆ ಮಾತನ್ನು ನಲ್ಲಿಯ ಹತ್ತಿರ ಹೆಂಗಸರು ಬಹಳ ದಿನ ಆಡಿಕೊಂಡರು. ಯಾರಿಗಾದರೂ ಬೇಡದ ಚಪ್ಪಲಿ ಕಚ್ಚಿದರೆ ಏನು ಹೇಳಬೇಕೆಂದು ನನ್ನನ್ನು ಕೇಳಿಕೊಂಡು ಹೋಗುತ್ತಿದ್ದರು. ನನಗೂ ಅದರ ಬಗ್ಗೆ ಜಂಬವಿತ್ತು, ಇಲ್ಲ ಎನ್ನುವುದಿಲ್ಲ.

ನನ್ನ ಚಪ್ಪಲಿ ಮಾತ್ರ ಇವತ್ತಿನವರೆಗೆ ಯಾರ ಹೊಸ್ತಿಲಲ್ಲೂ ಕಚ್ಚಿಲ್ಲ. ಗಂಡಸರ ಮನೆಗೂ ಹೋಗಿದ್ದೇನೆ, ಹೆಂಗಸರ ಮನೆಗೂ ಹೋಗಿದ್ದೇನೆ, ಹೋದ ಜೋಡು ಹೋದ ಹಾಗೇ ವಾಪಸು ಬಂದಿದೆ. ಮೊದಲು ಅತ್ತೆ ಇದಕ್ಕೆ ಹರಕೆ ಹೊತ್ತಿದ್ದಳು. ನನಗೆ ಅದೊಂದು ಕೊರತೆ ಅನ್ನಿಸಿಯೇ ಇಲ್ಲ. ಹೊಟ್ಟೆ ತುಂಬಿದವರನ್ನು ಊಟಕ್ಕೆ ಯಾಕೆ ಏಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು?

ನನ್ನ ತಮ್ಮ ಹೊನ್ನಪ್ಪ ನನಗೆ ತದ್ವಿರುದ್ಧ. ಅವನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಬಾವಿಯಿಂದ ಒಂದು ಕೊಡ ಸೇದುವುದು ಸುಲಭ. ಅವನದು ಹೆಂಚು ಹೊದಿಸುವ ಕೆಲಸ, ಅದನ್ನು ಒಬ್ಬರೇ ಮಾಡುವ ಹಾಗಿಲ್ಲ. ಕೆಳಗೆ ನಿಂತವನು ಹೆಂಚು ಎಸೆಯಬೇಕು, ಮೇಲೆ ಕೂತವನು ಹಿಡಿಯಬೇಕು. ಎಸೆಯುವವನು ಗವಿಯಪ್ಪ. ಆರು ವರ್ಷದಿಂದ ಇಬ್ಬರೂ ಜೊತೆ. ಗವಿ ಎಸೆದ ಹೆಂಚನ್ನು ಹೊನ್ನ ಎತ್ತಲೋ ನೋಡುತ್ತ ಹಿಡಿಯುತ್ತಿದ್ದ. ಅವರ ಕೆಲಸ ನೋಡಲೆಂದೇ ಜನ ನಿಲ್ಲುತ್ತಿದ್ದರು. ದಿನಾ ಬೆಳಿಗ್ಗೆ ಗವಿ ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ಒಂದು ಮುದ್ದೆ ಉಂಡು, ಹೊನ್ನನನ್ನು ಕರೆದುಕೊಂಡು ಹೋಗುತ್ತಿದ್ದ.

ಒಂದು ಬೆಳಿಗ್ಗೆ ಉಂಡು ಹೊರಗೆ ಹೋದ ಗವಿ ಅಲ್ಲೇ ನಿಂತುಬಿಟ್ಟ. ಇಣುಕಿ ನೋಡಿದರೆ ಚಪ್ಪಲಿಯೊಳಗೆ ಕಾಲಿಟ್ಟಿದ್ದಾನೆ, ಕಾಲು ಏಳುತ್ತದೆ, ಚಪ್ಪಲಿ ಏಳುವುದಿಲ್ಲ. ಮುಖ ಸುಣ್ಣದ ಹಾಗಾಗಿತ್ತು. ನಾನು ನೋಡಿದ್ದನ್ನು ಕಂಡು ಬರಿಗಾಲಲ್ಲೇ ಓಡಿಹೋದ. ಅತ್ತೆ ಹಣೆ ಬಡಿದುಕೊಂಡು ನಕ್ಕಳು. 'ಆರು ವರ್ಷ ನಿನ್ನ ಕೈ ಮುದ್ದೆ ಉಂಡು ಈಗ ಕಣ್ಣು ಬಿಟ್ಟವ್ನಲ್ಲೇ!' ಮದುವೆಯಾಗದ ಹೆಣ್ಣಿರುವ ಮನೆಯಲ್ಲಿ ಚಪ್ಪಲಿ ಕಚ್ಚಿದರೆ ಯಾರಿಗೆ ಎಂದು ಕೇಳುವ ಗೋಜಿಗೆ ಯಾರು ಹೋಗುತ್ತಾರೆ? ನಾನೂ ಹೋಗಲಿಲ್ಲ.

ಗವಿಯ ಮೇಲೆ ನನಗೆ ತಮ್ಮನ ಮೇಲಿರುವಂಥ ಅಕ್ಕರೆ. ಹಾಗಾಗಿ ಒಳ್ಳೆಯ ಮಾತನ್ನೇ ಹೊಂದಿಸಿಕೊಂಡೆ. ಅವನನ್ನು ಕರೆಸಿ, ಬೆಲ್ಲ ನೀರು ಕೊಟ್ಟು, ಒಂದೇ ಬಳ್ಳಿಯ ಕಾಯಿಗಳು, ಒಂದೇ ಒಲೆಯ ಬೂದಿ ಎಂದೆಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಕೂತಿದ್ದ. ಬಗ್ಗಿ ಚಪ್ಪಲಿ ಹಿಡಿದು ತಿರುಗಿಸಿದರೆ ಅದು ತಿರುಗಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಸಲ ಕೈ ಸೋತಿತು. ಎರಡನೆಯ ಸಲ ಇನ್ನೂ ಚೆನ್ನಾಗಿ ಹೇಳಿದೆ, ಆಚೆ ಮನೆಯವರು ಕಣ್ಣೀರು ಹಾಕಿದರು, ಚಪ್ಪಲಿ ಜಪ್ಪಯ್ಯ ಅನ್ನಲಿಲ್ಲ. ಮೂರನೆಯ ಸಲ ಮಾತೆಲ್ಲ ಬಿಟ್ಟು, 'ಬ್ಯಾಡ ಕಣೋ ಗವಿ, ನಂಗೆ ಬ್ಯಾಡ' ಎಂದೆ. ಆಗಲೂ ಅದು ಅಲುಗಲಿಲ್ಲ.

ಅಲ್ಲಿಗೆ ಲೆಕ್ಕ ಮುಗಿಯಿತು. ಅತ್ತೆ ಗವಿಯ ಅಣ್ಣನನ್ನು ಕರೆಸಿ ವೀಳ್ಯದ ಮಾತಾಡಿದಳು. ನಾನು ಕೂಗಾಡಿದರೆ, 'ಬಾಯಿ ಬ್ಯಾಡ ಅಂತದೆ, ಒಳಗೆ ಬೇಕು ಅಂತದೆ. ಚಪ್ಪಲಿ ಸುಳ್ಳು ಹೇಳ್ತದಾ?' ಎಂದಳು. ನಲ್ಲಿಯ ಹತ್ತಿರ ಹೆಂಗಸರು ನನ್ನ ಭುಜ ಹಿಂಡಿ ನಗುತ್ತಿದ್ದರು. ಒಂದು ಮಾತು ಹೇಳಬೇಕು: ನನಗೆ ಹೆದರಿಕೆಯಾಗಿದ್ದು ಮದುವೆಗಲ್ಲ. ನನ್ನ ಮನಸ್ಸು ನನಗೆ ಗೊತ್ತು ಎಂದು ನಂಬಿ ಇಷ್ಟು ವರ್ಷ ಬದುಕಿದ್ದೆ. ಅದೇ ಸುಳ್ಳಾದರೆ ನನ್ನದು ಅಂತ ಉಳಿಯುವುದೇನು? ಪುಡಿ ಕುಟ್ಟುತ್ತ ಕುಟ್ಟುತ್ತ ಗವಿಯ ಮುಖವನ್ನು ನೆನೆಸಿಕೊಳ್ಳುತ್ತಿದ್ದೆ, ಏನಾದರೂ ಆಗುತ್ತದೆಯೇ ಎಂದು. ಅವನಿಗೆ ಮುದ್ದೆಗೆ ಇನ್ನೊಂದು ಸೌಟು ಸಾರು ಬೇಕಾಗುತ್ತದೆ ಎನ್ನುವುದು ಬಿಟ್ಟರೆ ಏನೂ ಹೊಳೆಯುತ್ತಿರಲಿಲ್ಲ.

ತಡೆಯಲಾರದೆ ಇಂದುಮತಿ ಟೀಚರ ಮನೆಗೆ ಹೋದೆ. ಅವರು ಈಗ ಕೆಳಗಿನ ಬೀದಿಯಲ್ಲಿ ಟೈಲರ್ ಪಾರಮ್ಮನ ಜೊತೆ ಇದ್ದಾರೆ. ಪಾರಮ್ಮ ಮಿಷನ್ ತುಳಿಯುತ್ತಿದ್ದಳು, ಟೀಚರು ಗುಂಡಿ ಹೊಲಿಯುತ್ತಿದ್ದರು. 'ಟೀಚರಮ್ಮ, ನನ್ನ ಬ್ಯಾಡ ಅನ್ನೋದು ಸುಳ್ಳಾಗಿಬಿಡ್ತಾ?' ಎಂದು ಕೇಳಿದೆ. ಅವರು ದಾರ ಕಚ್ಚಿ ಹರಿದು, 'ನೀನು ನನಗೆ ಹೇಳಿದ್ದು ನಿಜ ಮಾಣಿಕ್ಯ. ಚಪ್ಪಲಿ ತಿರುಗಿತಲ್ಲ. ಆದ್ರೆ ನೀನು ಎಷ್ಟು ಚೆನ್ನಾಗಿ ಹೇಳಿದ್ದೆ ಅಂದ್ರೆ, ನಾನು ಎರಡು ವರ್ಷ ಕಾದೆ' ಎಂದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. 'ಬತ್ತಿ ಇಲ್ಲ ಅಂದಿದ್ಯಲ್ಲ. ನಾನು ಬತ್ತಿ ಹೊಸೀತಾ ಕೂತಿದ್ದೆ' ಎಂದು ನಕ್ಕರು. ಪಾರಮ್ಮ ಮಿಷನ್ ನಿಲ್ಲಿಸದೆ, 'ಮಾತು ಚಂದ ಇದ್ರೆ ಜನ ಮಾತಿಗೇ ಕಾಯ್ತಾರೆ ಕಣವ್ವ' ಎಂದಳು. ನಾನು ಕೇಳಿದ್ದು ಒಂದು, ಅವರು ಹೇಳಿದ್ದು ಇನ್ನೊಂದು ಎಂದುಕೊಂಡು ಮನೆಗೆ ಬಂದೆ.

ಅತ್ತೆಯ ಕಾಲು ಹಿಡಿದು, ವೀಳ್ಯಕ್ಕೆ ಮುಂಚೆ ಇನ್ನೊಂದೇ ಒಂದು ಸಲ ಹೇಳುತ್ತೇನೆ ಎಂದು ಒಪ್ಪಿಸಿದೆ. ಆ ದಿನ ಬೆಳಿಗ್ಗೆಯೇ ಹೊನ್ನ ಹೆಂಚು ಆರಿಸಲು ಪಕ್ಕದ ಊರಿನ ಭಟ್ಟಿಗೆ ಹೋಗಿದ್ದ. ಗವಿ ಬಂದು ಕೂತ. ನಾನು ನಾಲ್ಕು ಮಾತಾಡಿ ಬಗ್ಗಿದೆ. ಚಪ್ಪಲಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ತಿರುಗಿತು! ನಾನು ಕೂಗಿದ ಕೂಗಿಗೆ ಬೀದಿಯವರೆಲ್ಲ ಬಂದರು. ಅತ್ತೆ ಮುಖ ಸಿಂಡರಿಸಿಕೊಂಡೇ ದೃಷ್ಟಿ ತೆಗೆದಳು. ಗವಿ ಚಪ್ಪಲಿ ಮೆಟ್ಟಿಕೊಂಡು, ಯಾರ ಮುಖವನ್ನೂ ನೋಡದೆ, ಏನೋ ಕಳೆದುಕೊಂಡವನ ಹಾಗೆ ನಡೆದುಹೋದ. ಬೇಡ ಅನ್ನಿಸಿಕೊಂಡವನಲ್ಲವೇ, ಸಹಜ ಎಂದುಕೊಂಡೆ. ಅವತ್ತು ಪಾಯಸ ಮಾಡಿದೆ. ನನ್ನ ಮನಸ್ಸು ನನಗೆ ವಾಪಸು ಸಿಕ್ಕಿತ್ತು.

ಮೂರನೆಯ ದಿನ ಹೊನ್ನ ಊರಿಗೆ ಬಂದ. ಮರುದಿನ ಬೆಳಿಗ್ಗೆ ಗವಿ ಬಂದು, ಅಂಗಳದಲ್ಲೇ ಸ್ವಲ್ಪ ಹೊತ್ತು ನಿಂತು, ಚಪ್ಪಲಿ ಬಿಟ್ಟು ಒಳಗೆ ಬಂದ. ಉಂಡು ಹೊರಡುವಾಗ ಚಪ್ಪಲಿ ಏಳಲಿಲ್ಲ.

'ನೋಡಿದ್ಯಾ, ನಿನ್ನ ಮನಸು ಮತ್ತೆ ತಿರುಗ್ತು!' ಎಂದು ಅತ್ತೆ ಚಪ್ಪಾಳೆ ತಟ್ಟಿದಳು. ಕೂತು ಯೋಚಿಸಿದೆ. ಇಷ್ಟು ದಿನವೂ ನಾನು ಊರು ಬಿಟ್ಟು ಹೋಗಿಲ್ಲ. ಅತ್ತೆಯೂ ಹೋಗಿಲ್ಲ, ಹೋಗಿದ್ದರೂ ಅವಳಿಗೆ ಎಪ್ಪತ್ತು ದಾಟಿದೆ. ಚಪ್ಪಲಿ ಸಡಿಲವಾದಾಗ ಊರಲ್ಲಿಲ್ಲದೆ, ಕಚ್ಚಿದಾಗ ಊರಲ್ಲಿದ್ದವನು ಒಬ್ಬನೇ. ಅವನು ಒಲೆಯ ಪಕ್ಕ ಕೂತು, ಜಗತ್ತಿನ ಯಾವ ಚಿಂತೆಯೂ ಇಲ್ಲದೆ ಮುದ್ದೆ ಮುರಿಯುತ್ತಿದ್ದ. ನಾಲ್ಕು ಸಲ ನಾನು ನನಗಾಗಿ ಕಚ್ಚದ ಚಪ್ಪಲಿಗೆ ಉತ್ತರ ಕೊಟ್ಟಿದ್ದೆ. ನಗು, ಸಿಟ್ಟು ಎರಡೂ ಒಟ್ಟಿಗೇ ಬಂದವು.

ಗವಿ ಹಿತ್ತಲಿನ ಬಾವಿಯ ಹತ್ತಿರ ಹಳೆಯ ಹೆಂಚು ತೊಳೆಯುತ್ತಿದ್ದ. ನಾನು ಹೋಗಿ ಎದುರಿಗೆ ನಿಂತೆ. 'ಗವಿ, ಆ ಚಪ್ಪಲಿ ನಂಗಲ್ಲ, ಅಲ್ವಾ?'

ಅವನು ಕೈಯಲ್ಲಿದ್ದ ಹೆಂಚನ್ನು ಮೆತ್ತಗೆ ಕೆಳಗಿಟ್ಟ. 'ಅಲ್ಲ ಕಣಕ್ಕ.'

'ಹೊನ್ನಂಗೆ.'

ಅವನು ತಲೆಯಾಡಿಸಿದ. 'ಮತ್ತೆ ನಾನು ನಾಲ್ಕು ಸಲ ಗಂಟಲು ಹರ್ಕಂಡಾಗ ಬಾಯಿ ಹೊಲ್ಕಂಡಿದ್ಯಾ?' ಎಂದೆ.

'ಚಪ್ಪಲಿ ಬಿಟ್ಟೋರು ನಡುವೆ ಮಾತಾಡಬಾರ್ದು ಅಂತ...'

'ಕ್ರಮ ನಂಗೆ ಕಲಿಸ್ಬ್ಯಾಡ!'

ಅವನು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಬರಿಗಾಲಲ್ಲಿ ತಿರುಗಿ ತಿರುಗಿ ಹಿಮ್ಮಡಿ ಒಡೆದಿತ್ತು. 'ಒಂದಿನ ಬಿಸಿಲು ಜಾಸ್ತಿ ಇತ್ತು. ಅವ್ನು ಮ್ಯಾಲಿಂದ ತನ್ನ ಟವಲ್ಲು ಬಿಸಾಕಿ, ತಲೆಗೆ ಸುತ್ಕಳ್ಲಾ, ಬೆಂದೋಯ್ತೀಯ ಅಂದ. ಅಷ್ಟೇಯ. ಮಾರನೆ ದಿನ ಕಚ್ಕಂತು. ಅವ್ನು ಹೆಂಗಸ್ರ ಕಡೆಯವ್ನು ಅಂತ ನಂಗೆ ಗೊತ್ತಿಲ್ವಾ ಅಕ್ಕ? ಬ್ಯಾಡ ಅಂತಾನೆ, ಅನ್ಲಿ. ಆದ್ರೆ ಆಮ್ಯಾಕೆ ನನ್ನ ಜೊತೆ ಸೂರು ಹತ್ತಾಕಿಲ್ಲ, ಒಂದೇ ತಟ್ಟೇಲಿ ಉಣ್ಣಾಕಿಲ್ಲ. ಅದು ಮಾತ್ರ ನಂಗೆ ತಡ್ಕಳಾಕೆ ಆಗಾಕಿಲ್ಲ.' ನನ್ನ ಮುಖ ನೋಡಿ ಸೇರಿಸಿದ: 'ನೀನು ಹೂಂ ಅಂದ್ರೆ ನಾನು ನಿನ್ನೇ ಮದ್ವೆ ಆಯ್ತೀನಿ. ಅವ್ನಿಗೆ ಇದೊಂದು ಹೇಳ್ಬ್ಯಾಡ.'

'ನನ್ನ ಕಟ್ಕಂಡು ದಿನಾ ನನ್ನ ತಮ್ಮನ ಮುಖ ನೋಡ್ತಾ ಕೂರ್ತೀಯಾ? ನಾನು ಬಡಿಸ್ತಾ ಇರ್ಬೇಕಾ?' ಎಂದು ಗದರಿದೆ. ಅವನು ಅತ್ತ. ಮದುವೆಯೆಂದರೆ ನಾವಿಬ್ಬರೂ ಬದುಕಿರುವ ತನಕ ಒಂದು ಸುಳ್ಳಿನೊಳಗೆ ಬೇಯಬೇಕು. ಹೇಳಿದರೆ ಅವನಿಗೆ ಈ ಲೋಕದಲ್ಲಿದ್ದ ಒಬ್ಬ ಗೆಳೆಯ ಹೋಗಬಹುದು. ನಮ್ಮೂರಿನ ಪದ್ಧತಿಯೂ ಹಾಗೇ ಇತ್ತು, ಬೇಡ ಅನ್ನಿಸಿಕೊಂಡವರು ಆ ಬೀದಿಗೆ ಬಹಳ ಕಾಲ ಕಾಲಿಡುತ್ತಿರಲಿಲ್ಲ. ಆದರೂ ಹೇಳದೆ ವಿಧಿಯಿಲ್ಲ ಎಂದೆ. ಅವನು ಬೇಡವೆನ್ನಲಿಲ್ಲ, ಉಳಿದ ಹೆಂಚು ತೊಳೆದಿಟ್ಟು ಹೋದ.

ಮಧ್ಯಾಹ್ನ ಊಟಕ್ಕೆ ಬಂದ ಹೊನ್ನನಿಗೆ ಎಲ್ಲವನ್ನೂ ಹೇಳಿದೆ. ಅತ್ತೆಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಹೊನ್ನ ತುತ್ತು ನುಂಗಿ, ನೀರು ಕುಡಿದು, ಚೊಂಬು ಕೆಳಗಿಟ್ಟ. ಅವನು ನಗಬಹುದು, ಥೂ ಎನ್ನಬಹುದು, ತಟ್ಟೆ ತಳ್ಳಿ ಏಳಬಹುದು.

'ಅದಕ್ಕೇಯಾ' ಎಂದ ಕೊನೆಗೆ. 'ಇತ್ತೀಚೆಗೆ ಹೆಂಚನ್ನ ಮೆಲ್ಲಗೆ ಎಸೀತಿದ್ದ. ನನ್ನ ಕೈಗೆ ಪೆಟ್ಟಾಗ್ತದೆ ಅನ್ನೋ ಥರ.' ಇನ್ನೊಂದು ತುತ್ತು ಮುರಿದು, 'ಅವ್ನು ಉಂಡ್ನಾ?' ಎಂದು ಕೇಳಿದ.

ಗವಿಗೆ ಬೇಡ ಎನ್ನಲು ನಾನು ನನ್ನ ಹೆಸರಿಗೆ ತಕ್ಕ ಹಾಗೆ ಒಂದು ಮಾತನ್ನು ಹೆಣೆದುಕೊಟ್ಟೆ. ಎರಡು ದಡ, ಒಂದು ಹೊಳೆ, ದೋಣಿ ಎಲ್ಲವೂ ಅದರಲ್ಲಿತ್ತು. ಹೊನ್ನ ಪೂರ್ತಿ ಕೇಳಿಸಿಕೊಂಡು, 'ಇಷ್ಟುದ್ದ ಹೇಳಿದ್ರೆ ಅವ್ನಿಗೆ ನಿದ್ದೆ ಬತ್ತದೆ ಕಣಕ್ಕ' ಎಂದ. ಹಾಳಾಗಿ ಹೋಗು, ಏನಾದರೂ ಹೇಳಿಕೋ ಎಂದು ನಾನು ಸುಮ್ಮನಾದೆ. ಒಳಗೊಳಗೆ ಹೆದರಿಕೆಯಿತ್ತು. ಮಾತು ಬಾರದವನ ಬೇಡ ಕಲ್ಲಿನ ಹಾಗೆ ಬೀಳುತ್ತದೆ.

ಮಾರನೆಯ ಬೆಳಿಗ್ಗೆ ಗವಿ ಬಂದು ಜಗಲಿಯ ಮೇಲೆ ಕೂತ. ಎದುರು ಮನೆಯವಳು ಆಗಲೇ ಗುಡಿಸಿದ್ದ ಅಂಗಳವನ್ನು ಮತ್ತೆ ಗುಡಿಸುತ್ತಿದ್ದಳು, ಪಕ್ಕದವಳು ಕಲ್ಲಿಲ್ಲದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಹೊನ್ನ ಬೆಲ್ಲ ಮರೆತು ಬರೀ ಒಂದು ಚೊಂಬು ನೀರು ಹಿಡಿದು ಹೊರಗೆ ಬಂದ. ಎದುರಿಗೆ ಕೂರುವುದು ಕ್ರಮ. ಇವನು ಹೋಗಿ ಗವಿಯ ಪಕ್ಕದಲ್ಲೇ, ಸೂರಿನ ಮೇಲೆ ಕೂರುವ ಹಾಗೆ, ಕಾಲು ಇಳಿಬಿಟ್ಟು ಕೂತ. ನಾನು ಬಾಗಿಲ ಹಿಂದೆ ನಿಂತಿದ್ದೆ.

'ಅಕ್ಕ ಹೇಳಿದ್ಲು' ಎಂದ. ಗವಿ ಹೂಂ ಎಂದ. 'ನಂಗೆ ನಿನ್ನ ಮ್ಯಾಲೆ ಆ ಥರ ಮನಸು ಬರಾಕಿಲ್ಲ ಕಣ್ಲಾ. ನನ್ನ ಮನಸು ಹೆಂಗಸ್ರ ಕಡೆನೇ ಹರಿಯೋದು, ಅದು ಹುಟ್ಟಿದಾಗ್ನಿಂದ ಹಂಗೇಯ. ನೀನು ಒಂಚೂರು ಬ್ಯಾರೆ ಥರ ಇದ್ದಿದ್ರೆ ಆಗ್ತಿತ್ತು ಅಂತ ಅಂದ್ಕಬ್ಯಾಡ. ನಿನ್ನಲ್ಲಿ ಏನೂ ಕಮ್ಮಿ ಇಲ್ಲ. ನಂಗೆ ಸಿಟ್ಟು ಬಂದಿಲ್ಲ, ಅಸಹ್ಯನೂ ಆಗಿಲ್ಲ. ನೀನು ನನ್ನ ಹತ್ರ ನಾಚ್ಕಳೋದೂ ಬ್ಯಾಡ.' ಅಲ್ಲಿಗೆ ನಿಲ್ಲಿಸಿ ಉಸಿರು ತೆಗೆದುಕೊಂಡ. ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. 'ಆದ್ರೆ ಇವತ್ತು ಆಗಾಕಿಲ್ಲ, ನಾಳೆನೂ ಆಗಾಕಿಲ್ಲ, ಮುದುಕ್ರಾದ್ರೂ ಆಗಾಕಿಲ್ಲ. ಕಾಯ್ಬ್ಯಾಡ.'

ಕಾಯಬೇಡ. ಇಷ್ಟು ವರ್ಷ ಇಷ್ಟು ಜನರಿಗೆ ಬೇಡ ಎಂದ ನಾನು ಆ ಮಾತನ್ನು ಒಬ್ಬರಿಗೂ ಹೇಳಿರಲಿಲ್ಲ. ನನ್ನ ಮಾತು ಚೆನ್ನಾಗಿರುತ್ತಿತ್ತು, ಕೇಳಿದವರು ನನ್ನನ್ನು ಹೊಗಳುತ್ತ ಹೋಗುತ್ತಿದ್ದರು. ಹೊನ್ನನ ಮಾತಿನಲ್ಲಿ ಹೊನ್ನ ಇರಲೇ ಇಲ್ಲ, ಇದ್ದದ್ದೆಲ್ಲ ಗವಿ. ಬಾಗಿಲ ಹಿಂದೆ ನಿಂತು ನನ್ನ ತಮ್ಮನ ಬೆನ್ನು ನೋಡುತ್ತ, ಇವನ ಕಾಲಿಗೆ ಬೀಳಬೇಕು ಅನ್ನಿಸಿತು. ಇವನಿಗೆ ಮಾತು ಬರುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನೇ.

ಹೊನ್ನ ಇಳಿದು ಚಪ್ಪಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಇಷ್ಟು ದಿನದ ಧೂಳು ಅದರ ಮೇಲೆ ಕೂತಿತ್ತು. ತನ್ನ ಹೆಗಲ ಟವಲ್ಲಿನಿಂದ ಎರಡನ್ನೂ ಒರೆಸಿದ. ಆಮೇಲೆ ತಿರುಗಿಸಿದ. ಚಪ್ಪಲಿ ತಿರುಗಿತು. 'ಗಿರಣಿ ಸಾವ್ಕಾರ್ರ ಸೂರು ಅರ್ಧಕ್ಕೆ ನಿಂತದೆ. ನಾಳೆ ಬತ್ತೀಯಾ?' ಎಂದು ಕೇಳಿದ. ಗವಿ ಚೊಂಬಿನ ನೀರನ್ನೆಲ್ಲ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸಾಹುಕಾರರು ಬೇರೆ ಜೊತೆಗಾರನನ್ನು ಕಟ್ಟಿಕೋ ಎಂದು ಕೂಗಾಡಿದರು. ಹೊನ್ನ ಕೇಳಲಿಲ್ಲ. ಹೆಂಚನ್ನು ತಾನೇ ಬುಟ್ಟಿಯಲ್ಲಿ ಹೊತ್ತು ಏಣಿ ಹತ್ತುತ್ತಿದ್ದ, ಜೋಡಿಸುತ್ತಿದ್ದ, ಮತ್ತೆ ಇಳಿಯುತ್ತಿದ್ದ. ಸಂಜೆಯಾದರೂ ಅರ್ಧ ಸಾಲು ಮುಗಿಯುತ್ತಿರಲಿಲ್ಲ. 'ಅವ್ನು ಇನ್ನೆಲ್ಲಿ ಬತ್ತಾನೆ ಬಿಡ್ಲಾ. ಬ್ಯಾಡ ಅನ್ನಿಸ್ಕಂಡೋರು ಈ ಬೀದಿಗೆ ಬತ್ತಾರಾ?' ಎಂದು ಅತ್ತೆ ಹೇಳಿದರೆ, 'ನಾನು ಬ್ಯಾಡ ಅಂದಿದ್ದು ಒಂದಕ್ಕೆ. ಎಲ್ಲಾದಕ್ಕೂ ಅಲ್ಲ' ಎಂದ. ದಿನಾ ಬೆಳಿಗ್ಗೆ ಒಂದು ಮುದ್ದೆ ಹೆಚ್ಚಿಗೆ ಮಾಡಿಸುತ್ತಿದ್ದ. ಅದನ್ನು ಮಧ್ಯಾಹ್ನ ಅತ್ತೆ ಗೊಣಗುತ್ತ ದನಕ್ಕೆ ಹಾಕುತ್ತಿದ್ದಳು.

ಆ ತಿಂಗಳ ಅಮಾವಾಸ್ಯೆ ಕಳೆದ ಮೇಲೆ ಒಂದು ಬೆಳಿಗ್ಗೆ ಗವಿ ಅಂಗಳದಲ್ಲಿ ನಿಂತಿದ್ದ. ಕಾಲಲ್ಲಿ ಚಪ್ಪಲಿಯಿತ್ತು. ಅವನು ಹೊಸ್ತಿಲ ಹತ್ತಿರ ಬರಲಿಲ್ಲ. ಹೊನ್ನ ಒಳಗಿನಿಂದಲೇ, 'ಬಾರ್ಲಾ, ಯಾಕೆ ಅಲ್ಲೇ ನಿಂತೆ?' ಎಂದ.

'ಬಿಡಾಕೆ ಹೆದ್ರಿಕೆ ಆಯ್ತದೆ' ಎಂದ ಗವಿ. 'ಮನಸು ಇನ್ನೂ ಪೂರ್ತಿ ವಾಪಸು ಬಂದಿಲ್ಲ ಕಣ್ಲಾ. ಮತ್ತೆ ಕಚ್ಕಂಡ್ರೆ?'

'ಕಚ್ಕಂಡ್ರೆ ಮತ್ತೆ ಹೇಳ್ತೀನಿ. ಬಾ, ಮುದ್ದೆ ಆರೋಗ್ತದೆ.'

ಕಚ್ಚಿಕೊಂಡಿತು. ಸಂಜೆ ಕೆಲಸದಿಂದ ಬಂದು ಹೊನ್ನ ಒಂದು ಚೊಂಬು ನೀರು ಕೊಟ್ಟು, ಆಗಾಕಿಲ್ಲ ಕಣ್ಲಾ, ಕಾಯ್ಬ್ಯಾಡ ಎಂದು ಹೇಳಿ ತಿರುಗಿಸಿಟ್ಟ. ಮರುದಿನವೂ ಕಚ್ಚಿತು, ಮರುದಿನವೂ ಹೇಳಿದ. ನಮ್ಮೂರಿನಲ್ಲಿ ಎಂಥ ಸೌಮ್ಯ ಸ್ವಭಾವದವರೂ ಎರಡನೆಯ ಸಲ ಬೇಡ ಎನ್ನುವಾಗ ದನಿ ಏರಿಸುತ್ತಾರೆ, ಮೂರನೆಯ ಸಲ ಬಾಗಿಲು ಹಾಕುತ್ತಾರೆ. ಹೊನ್ನನ ದನಿ ಮೊದಲ ದಿನ ಹೇಗಿತ್ತೋ ಹಾಗೇ ಇತ್ತು. ಗವಿಯೂ ಅಷ್ಟೇ, ಮೊದಮೊದಲು ತಲೆ ತಗ್ಗಿಸಿ ಕೇಳುತ್ತಿದ್ದವನು ಬರುಬರುತ್ತ ತಲೆಯೆತ್ತಿ ಕೇಳತೊಡಗಿದ. ದಿನಾ ಬೇಡ ಅನ್ನಿಸಿಕೊಳ್ಳುತ್ತೇನೆ ಎಂದು ಗೊತ್ತಿದ್ದೂ ದಿನಾ ಬಂದು ಚಪ್ಪಲಿ ಬಿಡುವುದಕ್ಕೆ ಎಷ್ಟು ಎದೆ ಬೇಕು ಎಂದು ನಾನು ಯೋಚಿಸುತ್ತಿದ್ದೆ. ಬೀದಿಯವರು ಮೊದಲು ನಿಂತು ನೋಡಿದರು, ಆಮೇಲೆ ಅವರಿಗೂ ಅಭ್ಯಾಸವಾಯಿತು. ಸಾಹುಕಾರರ ಸೂರು ಮುಗಿದು, ಶಾಲೆಯ ಸೂರು ಶುರುವಾಯಿತು. ಹೆಂಚು ಮೊದಲಿನ ಹಾಗೆ ರಭಸವಾಗಿ ಮೇಲಕ್ಕೆ ಹಾರುತ್ತಿತ್ತು.

ಶಾಲೆಯ ಕೆಲಸದ ದಿನಗಳಲ್ಲಿ ಒಂದು ಸಂಜೆ ಇಬ್ಬರೂ ಜಗಲಿಯ ಮೇಲೆ ಕೂತು ಯಾವುದೋ ಮೂಲೆ ಹೆಂಚಿನ ಬಗ್ಗೆ ಜಗಳವಾಡುತ್ತಿದ್ದರು. ಗವಿ ಸಿಟ್ಟಿನಿಂದ, 'ನಿಂಗೆ ಅಳತೆನೇ ಗೊತ್ತಿಲ್ಲ ಹೋಗ್ಲಾ' ಎಂದ. ಹೊನ್ನ ನೀರು ತರಲು ಒಳಗೆ ಹೋದ. ಚೊಂಬು ತುಂಬಿಕೊಂಡು, ದಿನದ ಮಾತು ಹೇಳಲು ಹೊರಗೆ ಬಂದು ನಿಂತ. ಜಗಲಿ ಖಾಲಿಯಿತ್ತು. ಗವಿ ಆಗಲೇ ಬೀದಿ ತಲುಪಿ, ಗೊಣಗುತ್ತ, ಚಪ್ಪಲಿ ಬಡಿಯುತ್ತ ಹೋಗುತ್ತಿದ್ದ. ಹೊನ್ನ ಹೊರಗೆ ಬಂದ ಸದ್ದು ಕೇಳಿ ತಿರುಗಿದ.

'ಏನ್ಲಾ?'

ಹೊನ್ನ ಅವನ ಕಾಲು ನೋಡಿದ. ಗವಿಯೂ ತನ್ನ ಕಾಲನ್ನು ನೋಡಿಕೊಂಡ.

'ಏನಿಲ್ಲ ಹೋಗು' ಎಂದ ಹೊನ್ನ. 'ನಾಳೆ ಬೇಗ ಬಾ.'

ಗವಿ ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು, ಆ ನೀರನ್ನು ತಾನೇ ಕುಡಿದು ನನ್ನ ತಮ್ಮ ಒಳಗೆ ಬಂದ.